ಸದರಿ ಅಪ್ರಾಪ್ತ

ಹಾಸನದ ಕೋರ್ಟು, ಮಧ್ಯಸ್ಥಿಕೆ ಕೇಂದ್ರದ ದುಂಡು ಮೇಜು.
ಮೂಲೆಗಳಿದ್ದರೆ ಜಗಳ ಹೆಚ್ಚಂತೆ.
ಅದರ ಒಂದು ಕಾಲು ಗಿಡ್ಡ. ನಾನು ಮೊಣಕೈ ಊರಿದರೆ
ಲೋಹಿತನ ಕಡೆ ಏಳುತ್ತದೆ,
ಅವನು ಊರಿದರೆ ನನ್ನ ಕಡೆ.

ಇದು ನಾಲ್ಕನೆಯ ಸಲ.
ಮೊದಲ ಸಲ ನಾನೊಂದು ಪಟ್ಟಿ ತಂದಿದ್ದೆ:
ಮಗುವಿಗೆ ಜ್ವರ ಬಂದ ರಾತ್ರಿಗಳು,
ಅದರಲ್ಲಿ ಅವನು ಮನೆಯಲ್ಲಿಲ್ಲದ ರಾತ್ರಿಗಳು.
ಅವನೂ ತಂದಿದ್ದ, ಶಾಲೆಯ ಫೀಸಿನ ರಸೀದಿಗಳಿಗೆ ಪಿನ್ನು ಹೊಡೆದು.
ಎರಡನ್ನೂ ಜಯಶೀಲಮ್ಮ ಓದದೆ
ತಮ್ಮ ಊಟದ ಡಬ್ಬಿಯ ಕೆಳಗಿಟ್ಟರು.
"ಜಡ್ಜಿಗೆ ತೋರಿಸೋದು ಇದ್ದೇ ಇದೆ.
ನನಗೆ ಇಷ್ಟು ಹೇಳಿ, ಹುಡುಗ ಬೆಳಿಗ್ಗೆ ಏನು ತಿಂತಾನೆ?"

ಇಬ್ಬರೂ ಒಟ್ಟಿಗೇ ಹೇಳಿಬಿಟ್ಟೆವು: ಚಪಾತಿ, ಬೆಲ್ಲ.

ಅಲ್ಲಿಂದ ಶುರು.
ಸೋಮವಾರದಿಂದ ಶುಕ್ರವಾರ ನನ್ನಲ್ಲಿ, ಶಾಲೆ ಹಾಸನದಲ್ಲೇ ಇರುವುದರಿಂದ.
ಶನಿವಾರ ಮಧ್ಯಾಹ್ನ ಚನ್ನರಾಯಪಟ್ಟಣಕ್ಕೆ, ಭಾನುವಾರ ದೀಪ ಹಚ್ಚುವ ಹೊತ್ತಿಗೆ ವಾಪಸು.
ದಸರಾ ರಜೆ ಒಂದು ವರ್ಷ ನನಗೆ, ಒಂದು ವರ್ಷ ಅವನಿಗೆ.
ಯುಗಾದಿಯ ಬೇವು ಯಾರ ಮನೆಯದಾದರೂ ಸರಿ ಎಂದೆವು, ಧಾರಾಳವಾಗಿ.
ಹೊಸತೊಡಕಿನ ಬಾಡೂಟಕ್ಕೆ ಮಾತ್ರ
ಅರ್ಧ ಗಂಟೆ ಕಿತ್ತಾಡಿದೆವು.

ಕರೆದೊಯ್ಯುವುದು ಎಲ್ಲಿಂದ?
ಅವನ ಬಾಗಿಲು ನಾನು ತುಳಿಯುವುದಿಲ್ಲ, ನನ್ನದನ್ನು ಅವನು.
"ನಡುವೆ ಯಾವ ಊರಿದೆ?"
"ಶಾಂತಿಗ್ರಾಮ" ಎಂದ ಲೋಹಿತ.
ಜಯಶೀಲಮ್ಮ ನಕ್ಕರು. ನಾನು ನಕ್ಕೆ. ಅವನೂ.
ಎರಡು ವರ್ಷವಾಗಿತ್ತು.
ಕದ್ದು ತಿನ್ನುವಾಗ ಸಿಕ್ಕಿಬಿದ್ದವರಂತೆ
ತಟ್ಟನೆ ಬಾಯಿ ಮುಚ್ಚಿಕೊಂಡೆವು.

"ಸದರಿ ಅಪ್ರಾಪ್ತ ಬಾಲಕನು..."
ಷಫೀವುಲ್ಲ ಟೈಪು ಮಾಡುತ್ತ ಗಟ್ಟಿಯಾಗಿ ಓದುತ್ತಾರೆ.
ಅಮು, ಬಂಗಾರ, ಕೋತಿ, ಗುಂಡಣ್ಣ, ಕೋಪ ಬಂದಾಗ ಅಮೋಘ,
ಈಗ ಸದರಿ.
ಅಪ್ರಾಪ್ತ ಎಂದರೆ ವಯಸ್ಸಿಗೆ ಬಾರದವನು. ಗೊತ್ತು.
ದಕ್ಕದವನು ಎಂದೂ ಅಲ್ಲವೇ ಆ ಮಾತಿಗೆ?
ಕೇಳಲಿಲ್ಲ.
ಹಾಳೆಗೆ ಇಪ್ಪತ್ತು ರೂಪಾಯಿ.

ಎಂಟು ಕಲಮು ಮುಗಿದ ಮೇಲೆ ನೆನಪಾಯಿತು:
ಮೇಲಿನ ಹಲ್ಲು ಅಲ್ಲಾಡುತ್ತಿದೆ,
ನಾಲಿಗೆಯಲ್ಲಿ ತಳ್ಳಿ ತಳ್ಳಿ ನೋಡುತ್ತಾನೆ.
ಯಾರ ಮನೆಯಲ್ಲಿ ಬೀಳಬೇಕು?
"ನಮ್ಮಲ್ಲಿ ಹೆಂಚಿದೆ" ಎಂದ ಲೋಹಿತ.
"ಸಗಣಿಯುಂಡೇಲಿಟ್ಟು ಮೇಲೆಸೆಯಬಹುದು.
ನಿನ್ನದು ಮೂರನೇ ಮಹಡಿ, ಬಾಡಿಗೆ, ತಾರಸಿ."
ನಿಜ. ನನ್ನ ತಲೆಯ ಮೇಲೆ ಇರುವುದು
ಓನರಿನ ನೀರಿನ ಟ್ಯಾಂಕು.
"ಇದನ್ನೂ ಸೇರಿಸಬೇಕಾ, ಮೇಡಂ?" ಷಫೀವುಲ್ಲರ ಬೆರಳು ನಿಂತಿತು.
"ಬೇಡ ಬಿಡಿ. ಅದು ಬೀಳೋ ಕಡೆ ಬೀಳಲಿ."

ಸಹಿಗೆ ನನ್ನ ಪೆನ್ನು ಕೇಳಿದ.
ಮುಚ್ಚಳವಿಲ್ಲದೆ ವಾಪಸು ಕೊಟ್ಟ, ಎಂದಿನಂತೆ.
ಹತ್ತು ವರ್ಷ ಜಗಳವಾಡಿದ್ದೇನೆ ಆ ಮುಚ್ಚಳಕ್ಕೆ.
ಸುಮ್ಮನೆ ಬ್ಯಾಗಿಗೆ ಹಾಕಿಕೊಂಡೆ.
ಮನೆಗೆ ಬರುವಷ್ಟರಲ್ಲಿ ಒಳಗೆಲ್ಲ ನೀಲಿ.

ಮೊದಲ ಶನಿವಾರ ಶಾಂತಿಗ್ರಾಮದ ಟೋಲಿನ ಈಚೆಗೆ,
ಎಳನೀರಿನ ಗಾಡಿಯ ನೆರಳಲ್ಲಿ, ಬೈಕು ಒರಗಿಸಿ ನಿಂತಿದ್ದ.
ಕೈಯಲ್ಲೊಂದು ಪುಟ್ಟ ಹೆಲ್ಮೆಟ್, ಬೆಲೆಯ ಚೀಟಿ ಕೀಳದ್ದು.
ಅಮು ನನ್ನ ಕೈ ಬಿಟ್ಟು ನಡೆದ.
ಹನ್ನೆರಡು ಹೆಜ್ಜೆ.
ನಡುವೆ ಒಂದು ಕಡೆ ನಿಂತು
ಚಪ್ಪಲಿಯೊಳಗಿನ ಕಲ್ಲು ಕೊಡವಿಕೊಂಡ.
ಆ ಗಳಿಗೆ ಅವನು ಯಾವ ಕಲಮಿನಲ್ಲೂ ಇರಲಿಲ್ಲ.

ಹಲ್ಲು ಬಿದ್ದದ್ದು ಆ ಗುರುವಾರ, ಶಾಲೆಯಲ್ಲಿ,
ನಲ್ಲಿಯ ಹತ್ತಿರ ಬಾಯಿ ಮುಕ್ಕಳಿಸುವಾಗ.
ಮೋರಿಯಲ್ಲಿ ಹರಿದುಹೋಯಿತು.
ಹೆಂಚಿಗೂ ಇಲ್ಲ, ತಾರಸಿಗೂ ಇಲ್ಲ.

ಸಂಜೆ ಅಪ್ಪನಿಗೆ ಫೋನು ಹಚ್ಚಿದ:
"ಅಪ್ಪಾ, ನಾಳಿದ್ದು ಥನಿವಾರ. ಥಾಂತಿಗ್ರಾಮ."
ಸ್ಪೀಕರಿನಲ್ಲಿ ಲೋಹಿತ ಕೇಳುತ್ತಾನೆ, ಯಾವೂರು?
"ಥಾಂತಿಗ್ರಾಮ!"
ಕೇಳಿಸಲಿಲ್ಲ ಮಗಾ, ಯಾವೂರು?

ಅಡುಗೆಮನೆಯಲ್ಲಿ ಬೆಲ್ಲ ಕುಟ್ಟುತ್ತಿದ್ದವಳು
ಕೈ ನಿಲ್ಲಿಸಿದೆ.
ಆಗಲೇ ಮೂರು ಸಲ ನಾನೂ ಕೇಳಿದ್ದೆ,
ಯಾವೂರು ಎಂದು.